ವೀಲ್ ಆರ್ಚ್ ಫ್ಲೇರ್ ಮೂರನೇ ಸಲ ಕಿತ್ತು ಬಂತು, ತೂತು ಕೊರೆಯದೆ ನಿಲ್ಲಿಸುವುದು ಹೇಗೆ?

ಕೆಸರುಚಕ್ರ:
ತಲೆ ಕೆಟ್ಟು ಹೋಗಿದೆ. ಮುಂದಿನ ಎಡ ಚಕ್ರದ ಮೇಲಿನ ಫ್ಲೇರ್, ಅಂದರೆ ಚಕ್ರದ ಕಮಾನಿನ ಅಂಚಿಗೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿ, ಮತ್ತೆ ಕಿತ್ತು ಬಂತು. ಈ ಸಲ ಹೈವೇಯಲ್ಲಿ ಅರ್ಧ ಬಿಟ್ಟುಕೊಂಡು ಪಟಪಟ ಬಡಿಯುತ್ತಿತ್ತು. ಹಿಂದೆಯೇ ಒಂದು ಬೈಕ್ ಬರುತ್ತಿತ್ತು, ಜೀವ ಬಾಯಿಗೆ ಬಂತು. ಹಾಕಿದ್ದು ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪೇ. ಬೋಲ್ಟ್ ಹಾಕಿ ಅನ್ನಬೇಡಿ. ನಮ್ಮ ಹಳೆಯ ಕಾರಲ್ಲಿ ಒಂದೇ ಒಂದು ತೂತಿನಿಂದ ತುಕ್ಕು ಶುರುವಾಗಿ ಫೆಂಡರ್ ಪೂರ್ತಿ ಹೋಯಿತು. ಅಂಟಿನಲ್ಲೇ ನಿಲ್ಲಿಸುವ ದಾರಿ ಹೇಳಿ.

ಸ್ಪ್ಯಾನರ್12:
ಕ್ಲೀನಿಂಗ್ ಸರಿ ಆಗಿಲ್ಲ. ಪೇಂಟ್ ಮೇಲೆ ವ್ಯಾಕ್ಸ್ ಅಥವಾ ಸೆರಾಮಿಕ್ ಕೋಟಿಂಗ್ ಇದೆಯಾ? ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ನೀರು ಅರ್ಧಕ್ಕರ್ಧ ಬೆರೆಸಿ ಹೊಸ ಬಟ್ಟೆಯಲ್ಲಿ ಒರೆಸಿ. ಟೈರ್ ಪಾಲಿಶ್ ಮಾಡಿದ ಬಟ್ಟೆ ಬೇಡ, ಅದರ ಸಿಲಿಕೋನ್ ಉಳಿದುಬಿಡುತ್ತದೆ.

ಕೆಸರುಚಕ್ರ:
ಕೋಟಿಂಗ್ ಇಲ್ಲ. ಮೂರು ಸಲವೂ ಐಪಿಎಯಲ್ಲೇ ಒರೆಸಿದ್ದೇನೆ.

ಸ್ಪ್ಯಾನರ್12:
ಒರೆಸಿದ ಮೇಲೆ ಕೈ ತಗುಲಿತಾ? ಪೂರ್ತಿ ಒಣಗಿತ್ತಾ? ಒಮ್ಮೆ ಕ್ಲೇ ಬಾರ್ (ಪೇಂಟ್‌ಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಹಾಕಿ ನೋಡಿ. ನಾನು ನೋಡಿದ ಮಟ್ಟಿಗೆ ಎಲ್ಲ ಕಡೆ ಕೊಳೆಯೇ ಕಾರಣ.

ಹಳೇಗ್ಯಾರೇಜ್:
ಟೇಪ್ ಬಿಡಿ, ಪಿಯು (ಪಾಲಿಯುರೆಥೇನ್) ಅಂಟು ಹಾಕಿ. ವಿಂಡ್‌ಶೀಲ್ಡನ್ನೇ ಹಿಡಿದು ನಿಲ್ಲಿಸುವುದು ಅದು.

ಗೇರ್‌ಪೆಟ್ಟಿಗೆ:
ಅದಕ್ಕೆ ಸಿಲಿಕೋನ್ ಸಾಕಲ್ವಾ? ನನ್ನ ಕಾರಿನ ಕಿಟಕಿ ಮೇಲೆ ಮಳೆ ತಡೆಯುವ ಡೋರ್ ವೈಸರ್ ಸಿಲಿಕೋನ್ ಮೇಲೇ ಎರಡು ವರ್ಷದಿಂದ ಇದೆ.

ಹಳೇಗ್ಯಾರೇಜ್:
ದಯವಿಟ್ಟು ಬೇಡ. ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಪೇಂಟ್ ಎದ್ದ ಕಡೆ ತಗಡಿಗೆ ತಾಗಿದರೆ ತುಕ್ಕು. ಅದರ ಜಿಡ್ಡು ಉಳಿದ ಜಾಗದಲ್ಲಿ ಆಮೇಲೆ ಪೇಂಟೂ ಕೂರುವುದಿಲ್ಲ, ಟೇಪೂ ಹಿಡಿಯುವುದಿಲ್ಲ.

ಗೇರ್‌ಪೆಟ್ಟಿಗೆ:
ನನ್ನದರಲ್ಲಿ ತುಕ್ಕು ಬಂದಿಲ್ಲ. ಎಲ್ಲ ಸಿಲಿಕೋನೂ ಆಸಿಡ್ ಬಿಡುವುದಿಲ್ಲ, ನ್ಯೂಟ್ರಲ್ ಕ್ಯೂರ್ ಅಂತಲೂ ಇದೆ.

ಹಳೇಗ್ಯಾರೇಜ್:
ಅದು ಬಾತ್‌ರೂಮಿನ ಸಂದಿ ಮುಚ್ಚಲು ಸರಿ. ಭಾರ ಹೊರಲು ಅಲ್ಲ.

ಸ್ಪ್ಯಾನರ್12:
ಪಿಯು ಹಾಕಿದರೆ ನಾಳೆ ಫ್ಲೇರ್ ತೆಗೆಯುವಾಗ ಪೇಂಟೇ ಕಿತ್ತು ಬರಬಹುದು. ಟೇಪ್ ಆದರೆ ಬಿಸಿ ಗಾಳಿ ಕೊಟ್ಟು, ಮೀನಿನ ಗಾಳದ ದಾರ ಎಳೆದು ಕೊಯ್ಯಬಹುದು. ಮೊದಲು ಕ್ಲೀನಿಂಗ್ ಸರಿ ಮಾಡಲಿ.

ತಂತಿಬೇಲಿ:
ಸ್ವಲ್ಪ ನಿಲ್ಲಿ. ಕಿತ್ತು ಬಂದಾಗ ಟೇಪ್ ಎಲ್ಲಿ ಉಳಿದಿತ್ತು? ಕಾರಿನ ಮೇಲಾ, ಫ್ಲೇರ್ ಮೇಲಾ?

ಕೆಸರುಚಕ್ರ:
ಕಾರಿನ ಮೇಲೆ. ಉಗುರಲ್ಲಿ ಕೆರೆದರೂ ಬರುತ್ತಿಲ್ಲ. ಫ್ಲೇರ್ ಮಾತ್ರ ನುಣ್ಣಗೆ ಬಿಟ್ಟಿದೆ.

ತಂತಿಬೇಲಿ:
ಹಾಗಾದರೆ ಕಾರಿನ ಕಡೆ ಏನೂ ತಪ್ಪಿಲ್ಲ. ಫ್ಲೇರ್ ಒಳಬದಿಯಲ್ಲಿ ಯಾವ ಪ್ಲಾಸ್ಟಿಕ್ ಅಂತ ಅಚ್ಚು ಇರುತ್ತದೆ, ನೋಡಿ. ಬಲಗಡೆಯದು ಹೇಗಿದೆ?

ಕೆಸರುಚಕ್ರ:
ಪಿಪಿ ಅಂತ ಇದೆ. ಬಲಗಡೆಯದು ಒಂದು ಸಲವೂ ಬಿಟ್ಟಿಲ್ಲ. ಎರಡಕ್ಕೂ ಟೇಪ್ ಮೊದಲೇ ಅಂಟಿಸಿಕೊಂಡೇ ಬಂದಿತ್ತು. ಎಡದ್ದು ಕೂರಿಸುವಾಗ ಸೊಟ್ಟಗಾಯಿತು. ಅದಕ್ಕೆ ಆ ಟೇಪ್ ಕಿತ್ತು, ಥಿನ್ನರ್ ಹಾಕಿ ಚೆನ್ನಾಗಿ ಉಜ್ಜಿ, ಹೊಸದು ಹಾಕಿದೆ. ಇದು ಮುಖ್ಯ ಅಂತ ಅನಿಸಲಿಲ್ಲ.

ತಂತಿಬೇಲಿ:
ಅಲ್ಲೇ ಇರುವುದು ವಿಷಯ. ಪಿಪಿ ಅಂದರೆ ಪಾಲಿಪ್ರೊಪಿಲೀನ್. ಮೇಣದ ಮೇಲೆ ನೀರು ಹರಡದೆ ಹನಿಯಾಗಿ ನಿಲ್ಲುತ್ತದಲ್ಲ, ಇದರ ಮೇಲೆ ಅಂಟಿನ ಕಥೆಯೂ ಅಷ್ಟೇ. ಎಷ್ಟು ಒರೆಸಿದರೂ ಆ ಗುಣ ಹೋಗುವುದಿಲ್ಲ. ಅದಕ್ಕೇ ಇಂಥ ಪ್ಲಾಸ್ಟಿಕ್‌ಗೆ ಟೇಪ್ ಹಾಕುವ ಮೊದಲು ಅಂಟು ಹಿಡಿಯುವಂತೆ ಮಾಡುವ ಪ್ರೈಮರ್ ಹಚ್ಚಬೇಕು. ತಯಾರಿಸಿದವರು ಹಚ್ಚಿದ್ದರೆ ಅದು ನಿಮ್ಮ ಥಿನ್ನರ್ ಜೊತೆ ಹೋಗಿರುತ್ತದೆ.

3ಎಂ ಪ್ರೈಮರ್ 94 ತರಹದ ಅಡ್ಹೀಶನ್ ಪ್ರೊಮೋಟರ್ ತೆಗೆದುಕೊಳ್ಳಿ. ಫ್ಲೇರ್‌ಗೆ ಮಾತ್ರ, ತೆಳುವಾಗಿ ಒಂದೇ ಕೈ. ಪೇಂಟ್ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಒಣಗಿದ ಮೇಲೆ ಟೇಪ್ ಹಾಕಿ ಉದ್ದಕ್ಕೂ ಜೋರಾಗಿ ಒತ್ತಿ. ಈ ಟೇಪ್ ಬೆಚ್ಚಗಿನ ಕೋಣೆಯಲ್ಲಿ 20 ನಿಮಿಷಕ್ಕೆ ಅರ್ಧ ಹಿಡಿತ ಕೊಡುತ್ತದೆ, 24 ಗಂಟೆಗೆ ಶೇಕಡಾ 90, ಪೂರ್ತಿ ಹಿಡಿಯಲು 72 ಗಂಟೆ. ಚಳಿಯಲ್ಲಿ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಕಾರು ತೊಳೆಯಬೇಡಿ, ಓಡಿಸಬೇಡಿ.

ಇನ್ನೊಂದು ಮಾತು. ಟೇಪ್ ಹಾಕುವ ಮೊದಲು ಫ್ಲೇರನ್ನು ಸುಮ್ನೆ ಇಟ್ಟು ನೋಡಿ. ಒತ್ತಿ ಹಿಡಿದರೆ ಮಾತ್ರ ಕೂರುತ್ತದೆ ಅಂದರೆ ತುದಿ ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಪಕ್ಕಕ್ಕೆ ಜಾರಿಸುವ ಎಳೆತವನ್ನು ಟೇಪ್ ಚೆನ್ನಾಗಿ ತಡೆಯುತ್ತದೆ. ತುದಿಯಿಂದ ಸುಲಿಯುವ ಎಳೆತಕ್ಕೆ ಬೇಗ ಸೋಲುತ್ತದೆ.

ಸ್ಪ್ಯಾನರ್12:
ಒಪ್ಪಿದೆ. ಆದರೂ ಪ್ರೈಮರ್‌ಗೆ ಮೊದಲು ಐಪಿಎ ಮರೆಯಬೇಡಿ.

ಗೇರ್‌ಪೆಟ್ಟಿಗೆ:
ನನ್ನ ಕಾರಿನ ರೂಫ್ ರೇಲ್, ಹಿಂದಿನ ಸ್ಪಾಯ್ಲರ್, ನಾಲ್ಕು ವೈಸರ್ ಎಲ್ಲ ಅಂಟಿನ ಮೇಲೇ ಇವೆ. ಮುಂದಿನ ತಿಂಗಳು ಬಾನೆಟ್ ಸ್ಕೂಪ್ ಕೂಡ ಹಾಕುತ್ತೇನೆ. ಎಲ್ಲ ಮ್ಯಾಟ್ ಕಪ್ಪು, ನೋಡಲು ತುಂಬಾ ಚೆನ್ನಾಗಿದೆ.

ಹಳೇಗ್ಯಾರೇಜ್:
ಆ ರೇಲ್ ಮೇಲೆ ಲಗೇಜ್ ಮಾತ್ರ ಕಟ್ಟಬೇಡಿ. ವೇಗ ಎರಡು ಪಟ್ಟಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ.

ಗೇರ್‌ಪೆಟ್ಟಿಗೆ:
ಲಗೇಜ್ ಕಟ್ಟುತ್ತೇನೆ ಅಂತ ನಾನು ಎಲ್ಲಿ ಹೇಳಿದೆ?

ಕೆಸರುಚಕ್ರ (ಒಂಬತ್ತು ದಿನದ ನಂತರ):
ಪ್ರೈಮರ್ ಹಾಕಿ ಮೂರು ದಿನ ಕಾರು ಮುಟ್ಟಲಿಲ್ಲ. ಈಗ ಮುಕ್ಕಾಲು ಭಾಗ ಬಂಡೆಯ ಹಾಗೆ ಕೂತಿದೆ, ಎಳೆದರೂ ಅಲುಗುವುದಿಲ್ಲ. ತಂತಿಬೇಲಿ ಅವರೇ, ತುಂಬಾ ಥ್ಯಾಂಕ್ಸ್. ಆದರೆ ಮುಂದಿನ ತುದಿ ಸುಮಾರು 3 ಮಿಮೀ ಎದ್ದಿದೆ. ಇಟ್ಟು ನೋಡಿದಾಗಲೂ ಅಲ್ಲಿ ಸಂದಿ ಇತ್ತು, ಒತ್ತಿ ಕೂರಿಸಿದೆ.

ತಂತಿಬೇಲಿ:
ಆ ತುದಿ ಫೆಂಡರ್ ಮೇಲಿದೆಯಾ, ಬಂಪರ್ ಮೇಲಿದೆಯಾ?

ಕೆಸರುಚಕ್ರ:
ಕೊನೆಯ ಒಂದು ಗೇಣು ಬಂಪರ್ ಮೇಲೆ.

ತಂತಿಬೇಲಿ:
ಫೆಂಡರ್ ತಗಡು, ಬಂಪರ್ ಪ್ಲಾಸ್ಟಿಕ್. ಬಿಸಿಲಿಗೆ ಎರಡೂ ಒಂದೇ ಥರ ಹಿಗ್ಗುವುದಿಲ್ಲ, ಓಡುವಾಗ ಬಂಪರ್ ಬೇರೆಯಾಗಿಯೇ ಅದುರುತ್ತದೆ. ಅದರ ಜೊತೆಗೆ ಫ್ಲೇರ್ ತನ್ನ ಆಕಾರಕ್ಕೆ ವಾಪಸ್ ಹೋಗಲು ಎಳೆಯುತ್ತಿದೆ. ಆ ಗೇಣಿಗೆ ಬರೀ ಟೇಪ್ ನಂಬಬೇಡಿ. ಚಕ್ರದ ಗೂಡಿನ ಒಳಗಿನ ಹೊದಿಕೆ, ಅಂದರೆ ಲೈನರ್, ಹಿಡಿದ ಸ್ಕ್ರೂ ಆ ಮೂಲೆಯಲ್ಲಿ ಇದೆಯಾ ನೋಡಿ. ಫ್ಲೇರ್ ಅಂಚನ್ನು ಅದಕ್ಕೇ ಸೇರಿಸಬಹುದು.

ಕೆಸರುಚಕ್ರ:
ಈಗ ತಾನೇ ಟಾರ್ಚ್ ಹಿಡಿದು ನೋಡಿ ಬಂದೆ. ಸ್ಕ್ರೂ ಇದೆ, ಅಂಚಿನಿಂದ ಒಂದು ಸೆಂಟಿಮೀಟರ್ ದೂರ. ಸಣ್ಣ ಪಟ್ಟಿ ಬಗ್ಗಿಸಿದರೆ ತಲುಪುತ್ತದೆ. ಹೊಸ ತೂತು ಇಲ್ಲ ಅಂದರೆ ಇದಕ್ಕೆ ನನ್ನ ಒಪ್ಪಿಗೆ ಇದೆ. ಪಟ್ಟಿ ಯಾವುದರಲ್ಲಿ ಮಾಡಲಿ, ಅಲ್ಯೂಮಿನಿಯಂ ಆದರೆ ಆಗುತ್ತಾ?

ಹಳೇಗ್ಯಾರೇಜ್:
ಸ್ಟೇನ್‌ಲೆಸ್ ಹಾಕಿ.

ಸ್ಪ್ಯಾನರ್12:
ಅಲ್ಯೂಮಿನಿಯಂ ಸಾಕು, ಕೈಯಲ್ಲೇ ಬಗ್ಗುತ್ತದೆ.

ಗೇರ್‌ಪೆಟ್ಟಿಗೆ:
ಬಾನೆಟ್ ಸ್ಕೂಪ್‌ಗೆ 94 ಪ್ರೈಮರ್ ಬೇಕಾ? ನನ್ನದು ಎಬಿಎಸ್ ಪ್ಲಾಸ್ಟಿಕ್.