ಹೇರ್ ಮಾಸ್ಕ್ ಬೇಕಾ, ಬೇಡ್ವಾ? ಚರ್ಮದ ಡಾಕ್ಟರನ್ನು ಕೇಳಿ

ಅಡ್ಮಿನ್: ಇವತ್ತು ಭಾನುವಾರ. ನಮ್ಮ ಗುಂಪಿನ ಚರ್ಮರೋಗ ವೈದ್ಯೆ ಬೆಳಗ್ಗೆ 10ರಿಂದ ಬಿಡುವಾದಾಗಲೆಲ್ಲ ಉತ್ತರ ಕೊಡುತ್ತಾರೆ. ವಿಷಯ ಹೇರ್ ಮಾಸ್ಕ್, ಅಂದರೆ ಕೂದಲಿಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯುವ ಲೇಪ, ಅಂಗಡಿಯದ್ದು ಮನೆಯದ್ದು ಎರಡೂ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ರೇಖಾ, ಹಾವೇರಿ: ನಮಸ್ತೆ ಮೇಡಂ. ನಾನು ಹಾಕುವ ಕಂಡೀಷನರ್ 300 ರೂಪಾಯಿ. ಅದೇ ಕಂಪನಿಯ ಮಾಸ್ಕ್ 750. ಎರಡರ ಹಿಂದೆಯೂ ಹೆಚ್ಚುಕಮ್ಮಿ ಅವೇ ಹೆಸರುಗಳು. ದುಡ್ಡು ಯಾತಕ್ಕೆ ಜಾಸ್ತಿ?

ಡಾಕ್ಟರ್: ನಮಸ್ತೆ ರೇಖಾ. ಡಬ್ಬಿ ತಿರುಗಿಸಿ ಓದುವವರು ಕಡಿಮೆ, ಖುಷಿಯಾಯಿತು. ಎರಡೂ ಒಂದೇ ಮನೆಯ ಮಕ್ಕಳು. ಮಾಸ್ಕ್ ಸ್ವಲ್ಪ ದಪ್ಪ. ಸೆಟಿಯರಿಲ್ ಆಲ್ಕೋಹಾಲ್, ಬಿಹೆಂಟ್ರಿಮೋನಿಯಂ ಕ್ಲೋರೈಡ್, ಎಣ್ಣೆ, ಸಿಲಿಕೋನ್ ಇವುಗಳ ಪ್ರಮಾಣ ಜಾಸ್ತಿ ಇರುತ್ತದೆ. ಕೂದಲಿನ ಮೇಲ್ಮೈ ಹೆಂಚಿನ ಮಾಡು ಇದ್ದ ಹಾಗೆ. ಬಣ್ಣ, ಬಿಸಿಲು, ಐರನ್ ತಾಗಿದರೆ ಹೆಂಚು ಮೇಲೇಳುತ್ತದೆ, ಕೆಲವು ಉದುರುತ್ತವೆ. ಅಂಥ ಕಡೆ ಕೂದಲಿಗೆ ನೆಗೆಟಿವ್ ಚಾರ್ಜ್ ಹೆಚ್ಚು. ಬಿಹೆಂಟ್ರಿಮೋನಿಯಂಗೆ ಪಾಸಿಟಿವ್ ಚಾರ್ಜ್. ಅದಕ್ಕೇ ನೀರು ಹುಯ್ದರೂ ಸ್ವಲ್ಪ ಅಂಟಿಕೊಂಡು ಉಳಿಯುತ್ತದೆ. ಕೂದಲು ನುಣುಪಾಗುತ್ತದೆ, ಬಾಚಣಿಗೆ ಜಾರುತ್ತದೆ, ತುಂಡಾಗುವುದು ಕಡಿಮೆಯಾಗುತ್ತದೆ. ಎರಡು ಮೂರು ಸಲ ತಲೆಸ್ನಾನ ಆದರೆ ಮತ್ತೆ ಮೊದಲಿನಂತೆ. ಕೂದಲು ಸತ್ತ ವಸ್ತು, ಅದು ವಾಸಿ ಆಗುವುದಿಲ್ಲ.

ಬಣ್ಣ ಹಾಕಿಸಿದ್ದರೆ, ಗುಂಗುರಿದ್ದರೆ ಅಥವಾ ಸೊಂಟದುದ್ದ ಇದ್ದರೆ ವಾರಕ್ಕೊಮ್ಮೆ ಮಾಸ್ಕ್ ಹಾಕಿ. ಕಿವಿಯಿಂದ ಕೆಳಗೆ, 10 ನಿಮಿಷ, ನೆತ್ತಿಗೆ ಬೇಡ. ಇಲ್ಲದಿದ್ದರೆ ಆ 300ರದ್ದೇ ಸಾಕು.

ಸುಧಾ, ಮೈಸೂರು: ಆಲ್ಕೋಹಾಲ್ ಕೂದಲನ್ನು ಒಣಗಿಸಲ್ವಾ ಮೇಡಂ?

ಡಾಕ್ಟರ್: ಇದು ಸ್ಯಾನಿಟೈಸರ್‌ನ ಆಲ್ಕೋಹಾಲ್ ಅಲ್ಲ. ಮೇಣದಂಥ ಕೊಬ್ಬು. ಒಣಗಿಸುವುದಿಲ್ಲ.

ನಾಗರತ್ನ, ಶಿರಸಿ: ನಮ್ಮ ಕಡೆ ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿ ಹಚ್ಚುತ್ತೇವೆ. ಅದೂ ಮಾಸ್ಕೇ ಅಲ್ವಾ?

ಡಾಕ್ಟರ್: ಹೌದು. ಆ ಲೋಳೆ ಕೂದಲಿಗೆ ಪದರದಂತೆ ಕೂರುತ್ತದೆ, ಸಿಕ್ಕು ಬಿಡಿಸುವುದು ಸಲೀಸು. ಮೆಂತ್ಯದ ಲೋಳೆಯೂ ಹಾಗೇ. ಚರಟ ಉಳಿಯದ ಹಾಗೆ ಸೋಸಿಕೊಳ್ಳಿ. ಅದರಿಂದ ಹೊಸ ಕೂದಲು ಹುಟ್ಟುತ್ತದೆ ಅಂತ ಮಾತ್ರ ಹೇಳಬೇಡಿ.

ಶಶಿಕಲಾ, ಹಾಸನ: ಮಗಳಿಗೆ ಹೇನು. ಮಾಸ್ಕ್ ಹಾಕಿದರೆ ಹೋಗುತ್ತಾ?

ಅನಿತಾ, ಬೆಂಗಳೂರು: ಡೆಂಗ್ಯೂ ಬಂದು ಎರಡೂವರೆ ತಿಂಗಳಾಯಿತು. ಮುಟ್ಟಿದರೆ ಕೂದಲು ಕೈಗೆ ಬರುತ್ತಿದೆ. ಯಾವ ಮಾಸ್ಕ್ ಒಳ್ಳೇದು?

ಡಾಕ್ಟರ್: ಯಾವುದೂ ಅಲ್ಲ. ಉದುರುವುದು ಬೇರಿನ ವಿಷಯ, ಮಾಸ್ಕ್ ಕೆಲಸ ಮಾಡುವುದು ಹೊರಗೆ ಕಾಣುವ ಎಳೆಯ ಮೇಲೆ. ಜೋರು ಜ್ವರ, ಹೆರಿಗೆ, ಆಪರೇಷನ್ ಆದ 2–3 ತಿಂಗಳಿಗೆ ಹೀಗೆ ಉದುರುತ್ತದೆ, ಸಾಮಾನ್ಯವಾಗಿ 6 ತಿಂಗಳೊಳಗೆ ನಿಲ್ಲುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ಒಂದ್ಸಲ ನೋಡಿಸಿ. ಕೂದಲಿಗೆಂದು ಬಯೋಟಿನ್ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು.

ಮಂಜುಳಾ, ಚಿತ್ರದುರ್ಗ: ಮೇಡಂ ಕೂದಲು ತುಂಬಾ ಉದುರುತ್ತೆ. ಯಾವ ಮಾಸ್ಕ್?

ಡಾಕ್ಟರ್: ಮೇಲೆ ಅನಿತಾಗೆ ಬರೆದಿದ್ದೇನೆ, ನೋಡಿ.

ಕಾವ್ಯಾ, ತುಮಕೂರು: ಗುರುವಾರ ಪಾರ್ಲರ್‌ನಲ್ಲಿ ಕೂದಲು ನೇರ ಆಗಲಿ ಅಂತ ಕೆರಾಟಿನ್ ಮಾಡಿಸಿದೆ, ಮಾರನೇ ದಿನ ತಂಗಿ ಮದುವೆ ಇತ್ತು. 3 ದಿನ ತಲೆ ತೊಳೆಯಬೇಡಿ ಅಂದಿದ್ದರು. ಇವತ್ತು ತೊಳೆದ ಮೇಲೆ ಯಾವ ಮಾಸ್ಕ್ ಹಾಕಲಿ? ಹಚ್ಚುವಾಗ ನೆತ್ತಿ ಉರಿಯಿತು, ಈಗ ಸರಿಯಾಗಿದೆ. ಮದುವೆ ಊಟ ಹಿಡಿಸಲಿಲ್ಲ ಅನ್ಸುತ್ತೆ, ಶುಕ್ರವಾರದಿಂದ ವಾಂತಿ. ಓಡಾಡಿ ಬೆನ್ನುನೋವು ಬೇರೆ, ಮಾತ್ರೆ ತಗೊಳ್ತಿದ್ದೇನೆ.

ಡಾಕ್ಟರ್: ಕಾವ್ಯಾ, ಮಾಸ್ಕ್ ವಿಷಯ ಆಮೇಲೆ. ನಾಲ್ಕು ಪ್ರಶ್ನೆ, ಬೇಗ ಉತ್ತರ ಕೊಡಿ. ಅದೇ ಊಟ ಮಾಡಿದ ಬೇರೆ ಯಾರಿಗಾದರೂ ವಾಂತಿ ಆಗಿದೆಯಾ? ಬೆನ್ನುನೋವು ಎಲ್ಲಿ? ನಿನ್ನೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದೀರಿ? ಹಚ್ಚಿದ ಬಾಟಲಿಯ ಫೋಟೋ ಇದೆಯಾ?

ಪ್ರಭಾಕರ, ಮಂಡ್ಯ: ಫಾರ್ವರ್ಡ್ ಆಗಿ ಬಂದಿದೆ, ತುಂಬಾ ಉಪಯೋಗ: ಈರುಳ್ಳಿ ರಸ, ಎರಡು ಚಮಚ ಅಡುಗೆ ಸೋಡಾ, ಒಂದು ನಿಂಬೆಹಣ್ಣು, ಒಂದು ಮೊಟ್ಟೆ ಕಲಸಿ ರಾತ್ರಿಯಿಡೀ ಬಿಡಿ. 15 ದಿನದಲ್ಲಿ ಕೂದಲು ಡಬಲ್.

ಅಡ್ಮಿನ್: ಪ್ರಭಾಕರ ಅವರೇ, ಫಾರ್ವರ್ಡ್ ಬೇಡ ಅಂದಿದ್ದೆ.

ಡಾಕ್ಟರ್: ಯಾರೂ ಮಾಡಬೇಡಿ. ಸೋಡಾ ಹೆಂಚನ್ನು ಎಬ್ಬಿಸುತ್ತದೆ. ನಿಂಬೆ, ಈರುಳ್ಳಿ ನೆತ್ತಿಗೆ ಉರಿ. ರಾತ್ರಿಯಿಡೀ ಬಿಟ್ಟು ಹಣೆ, ಕಿವಿಯ ಹಿಂದೆಲ್ಲ ನೀರುಗುಳ್ಳೆ ಎದ್ದು ಬಂದವರನ್ನು ನೋಡಿದ್ದೇನೆ. ಈರುಳ್ಳಿ ರಸದ ಬಗ್ಗೆ 2002ರ ಸಣ್ಣದೊಂದು ಅಧ್ಯಯನವನ್ನೇ ಎಲ್ಲರೂ ತೋರಿಸುತ್ತಾರೆ. ಅದು ನಾಣ್ಯದಷ್ಟಗಲ ಬೋಳಾಗುವ ಬೇರೆಯೇ ಕಾಯಿಲೆಯ ಮೇಲೆ ನಡೆದದ್ದು. ಇನ್ನು ಮೊಟ್ಟೆ: ಪ್ರೋಟೀನ್ ಕೂದಲಿನೊಳಗೆ ಹೋಗಬೇಕಾದರೆ ಸಣ್ಣ ತುಂಡಾಗಿರಬೇಕು, ಡಬ್ಬಿಯಲ್ಲಿ ‘ಹೈಡ್ರೊಲೈಸ್ಡ್’ ಅಂತ ಬರೆಯುವುದು ಅದಕ್ಕೇ. ಹಸಿಮೊಟ್ಟೆ ಒಳಗೆ ಹೋಗಲ್ಲ. ಬಿಸಿನೀರು ಹುಯ್ದರೆ ತಲೆ ಮೇಲೇ ಬುರ್ಜಿ.

ಕಾವ್ಯಾ, ನೀವೆಲ್ಲಿ?

ಜಯಶ್ರೀ, ಉಡುಪಿ: ಈ ಕೆಮಿಕಲ್ ಎಲ್ಲ ಯಾಕೆ? ತೆಂಗಿನೆಣ್ಣೆ ಹಚ್ಚಿ ಬೆಳೆದವರು ನಾವು. ನನ್ನ ಅಜ್ಜಿಗೆ 80ರಲ್ಲೂ ಮೊಣಕಾಲುದ್ದ ಜಡೆ.

ಬಸಮ್ಮ, ಕಲಬುರಗಿ: ಎಲ್ಲಾದಕ್ಕೂ ತೆಂಗಿನೆಣ್ಣಿ ಅಂತೀರಿ. ನಮ್ಮ ಕಡೆ ಕುಸುಬಿ ಎಣ್ಣಿ ಹಚ್ಚತೀವಿ, ನಮಗೇನು ಕೂದಲಿಲ್ಲೇನು?

ಜಯಶ್ರೀ, ಉಡುಪಿ: ಕುಸುಬಿ ಒಗ್ಗರಣೆಗೆ ಅಕ್ಕ.

ಬಸಮ್ಮ, ಕಲಬುರಗಿ: ನಿಮ್ದೂ ಒಗ್ಗರಣಿಗೇ ಅಲ್ಲೇನ್ರಿ?

ಸುಧಾ, ಮೈಸೂರು: 😂😂 ಬಸಮ್ಮ ಅವರು ಗೆದ್ದರು.

ಜಯಶ್ರೀ, ಉಡುಪಿ: ನಗುವಂಥದ್ದು ಏನಿದೆ ಇದರಲ್ಲಿ? ಡಾಕ್ಟ್ರೇ, ನೀವೇ ಹೇಳಿ.

ಡಾಕ್ಟರ್: ತೀರ್ಪು ಕೊಡಲು ನಾನಿಲ್ಲಿ ಕೂತಿಲ್ಲ. ಒಂದೇ ಸಲ ಹೇಳುತ್ತೇನೆ. 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಅದರ ಲಾರಿಕ್ ಆಸಿಡ್ ಸಣ್ಣದು, ನೇರ, ಕೂದಲಿನೊಳಗೆ ನುಸುಳುತ್ತದೆ. ಹಾಗಾಗಿ ತಲೆಸ್ನಾನಕ್ಕೆ ಮುಂಚೆ ಹಚ್ಚಿದರೆ ಅದು ಒಳ್ಳೆಯ, ಅಗ್ಗದ ಮಾಸ್ಕ್. ತಲೆಹೊಟ್ಟು ಇದ್ದವರು ನೆತ್ತಿಗೆ ಹಚ್ಚಬೇಡಿ, ಹೊಟ್ಟಿನ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಕುಸುಬಿ ಮೇಲ್ಮೈಗೆ ನುಣುಪು ಕೊಡುತ್ತದೆ, ತೊಂದರೆ ಇಲ್ಲ. ಅಜ್ಜಿಯ ಜಡೆ ಅಜ್ಜಿಯ ವಂಶದ್ದು.

ಕಾವ್ಯಾ, ತುಮಕೂರು: ಸಾರಿ ಮೇಡಂ, ಮಲಗಿದ್ದೆ. ಮನೆಯಲ್ಲಿ ಬೇರೆ ಯಾರಿಗೂ ವಾಂತಿ ಇಲ್ಲ. ನೋವು ಪಕ್ಕೆಲುಬಿನ ಕೆಳಗೆ, ಎರಡೂ ಕಡೆ. ನಿನ್ನೆಯಿಂದ ಎರಡು ಸಲ ಹೋಗಿರಬಹುದು. ಬಾಟಲಿ ಫೋಟೋ ಬೇರೆ ಇಲ್ಲ, ಸ್ಟೇಟಸ್‌ಗೆ ತೆಗೆದ ಸೆಲ್ಫಿಯಲ್ಲಿ ಮೇಜಿನ ಮೇಲೆ ಕಾಣುತ್ತೆ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಅದರಲ್ಲೇ ಬರೆದಿದೆ.

ಡಾಕ್ಟರ್: ಸೆಲ್ಫಿ ನೋಡಿದೆ. ಬಾಟಲಿಯ ಬೆನ್ನು ಹಿಂದಿನ ಕನ್ನಡಿಯಲ್ಲಿ ಬಿದ್ದಿದೆ, ಅಕ್ಷರ ತಿರುಗುಮುರುಗು. ಫೋಟೋ ಮಗುಚಿ ಓದಿದೆ. ಮೂರನೇ ಹೆಸರು ಗ್ಲೈಆಕ್ಸಿಲಿಕ್ ಆಸಿಡ್.

ಈಗಲೇ ಆಸ್ಪತ್ರೆಗೆ ಹೊರಡಿ. ಕ್ಲಿನಿಕ್ ಬೇಡ, ರಕ್ತಪರೀಕ್ಷೆ ಇವತ್ತೇ ಆಗುವ, ಕಿಡ್ನಿ ವೈದ್ಯರು ಸಿಗುವ ಆಸ್ಪತ್ರೆ. ಸೀರಮ್ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ಮತ್ತು ಮೂತ್ರ ಪರೀಕ್ಷೆ ಆಗಬೇಕು. ಬೆನ್ನುನೋವಿನ ಮಾತ್ರೆ ಇನ್ನು ಒಂದೂ ಬೇಡ. ಇಂಥ ಹಲವು ನೋವಿನ ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಹೊರೆ. ಸೆಲ್ಫಿ, ಮಾತ್ರೆ ಪಟ್ಟಿ ಎರಡನ್ನೂ ಅಲ್ಲಿನ ಡಾಕ್ಟರಿಗೆ ತೋರಿಸಿ. ಒಬ್ಬರೇ ಹೋಗಬೇಡಿ.

ಉಳಿದವರಿಗೂ ಹೇಳುತ್ತೇನೆ. ಮಾಸ್ಕ್‌ನಲ್ಲಿರುವ ಕೆರಾಟಿನ್ ಅನ್ನುವ ಪ್ರೋಟೀನ್ ಬೇರೆ, ಪಾರ್ಲರ್‌ನ ‘ಕೆರಾಟಿನ್’ ಬೇರೆ. ಎರಡನೆಯದರಲ್ಲಿ ಕೂದಲನ್ನು ನೇರ ಮಾಡುವುದು ಆಸಿಡ್ ಮತ್ತು ಕಾದ ಐರನ್. ಮೊದಲು ಫಾರ್ಮಾಲ್ಡಿಹೈಡ್ ಅನ್ನುವ ವಿಷಕಾರಿ ರಾಸಾಯನಿಕ ಇರುತ್ತಿತ್ತು. ಬೈಗುಳ ಜಾಸ್ತಿಯಾದ ಮೇಲೆ ಹಲವು ಕಂಪನಿಗಳು ಗ್ಲೈಆಕ್ಸಿಲಿಕ್ ಆಸಿಡ್‌ಗೆ ಬಂದವು. ಅದು ನೆತ್ತಿಯ ಮೂಲಕ ರಕ್ತಕ್ಕೆ ಸೇರಿದರೆ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಹರಳಾಗಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ 26 ವರ್ಷದ ಹೆಣ್ಣುಮಗಳೊಬ್ಬಳ ವಿಷಯ ಬಂತು. 2020, 2021, 2022 ಮೂರೂ ವರ್ಷ ಕೂದಲು ನೇರ ಮಾಡಿಸಿಕೊಂಡ ದಿನವೇ ವಾಂತಿ, ಬೆನ್ನುನೋವು, ಕಿಡ್ನಿಗೆ ಪೆಟ್ಟು. ಇಸ್ರೇಲ್‌ನಿಂದಲೂ ಇಂಥ ಹಲವು ಕೇಸ್ ವರದಿಯಾಗಿವೆ. ಎಲ್ಲರಿಗೂ ಹೀಗಾಗಲ್ಲ. ಬೇಗ ಗೊತ್ತಾದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ನೆತ್ತಿ ಉರಿದರೆ ‘ಸ್ವಲ್ಪ ತಡ್ಕೊಳ್ಳಿ’ ಅನ್ನುತ್ತಾರೆ. ತಡ್ಕೋಬೇಡಿ, ತಕ್ಷಣ ತೊಳೆಸಿಕೊಳ್ಳಿ.

ಪ್ರಭಾಕರ, ಮಂಡ್ಯ: ಕಿಡ್ನಿಗೆ ಬಾಳೆದಿಂಡಿನ ರಸ ಬೆಸ್ಟ್. ಕಾವ್ಯಾ, ಖಾಲಿ ಹೊಟ್ಟೆಗೆ ಕುಡಿಯಮ್ಮ.

ಡಾಕ್ಟರ್: ಪ್ರಭಾಕರ ಅವರೇ, ದಯವಿಟ್ಟು ಸುಮ್ನಿರಿ. ಕಾವ್ಯಾ, ಅಂಥ ರಸ ಏನೂ ಕುಡಿಯಬೇಡಿ, ಹೊರಡಿ.

ಪ್ರಭಾಕರ, ಮಂಡ್ಯ: ಒಳ್ಳೇದು ಹೇಳಿದರೂ ತಪ್ಪಾ? ನೀವೆಲ್ಲ ಕಂಪನಿಗಳ ಕಡೆಯವರು.

ಡಾಕ್ಟರ್: ಬೆಳಗ್ಗೆಯಿಂದ ಕಂಪನಿಯ ಬಾಟಲಿಯನ್ನೇ ಬೈಯುತ್ತಿದ್ದೇನೆ. ಓದಿ.

ನಾಗರತ್ನ, ಶಿರಸಿ: ದೊಡ್ಡವರ ಹತ್ತಿರ ಹಾಗೆ ಮಾತಾಡಬಾರದಿತ್ತು ಡಾಕ್ಟರ್.

ಬಸಮ್ಮ, ಕಲಬುರಗಿ: ದೊಡ್ಡವರೂ ಹಾಂಗ ಮಾತಾಡಬಾರದಿತ್ತು.

ಶಶಿಕಲಾ, ಹಾಸನ: ಹೇನಿಗೆ ಏನೂ ಹೇಳಲಿಲ್ಲ.

ವಿದ್ಯಾ, ಹುಬ್ಬಳ್ಳಿ: ಹರಳೆಣ್ಣೆ ಮಾಸ್ಕ್?

ಡಾಕ್ಟರ್: ತೀರಾ ಅಂಟು. ಉದ್ದ ಕೂದಲಿಗೆ ಬರೀ ಅದನ್ನೇ ಸುರಿದರೆ ಗಂಟುಗಟ್ಟಿ ಕತ್ತರಿಸುವ ಗತಿ ಬರಬಹುದು.

ಲತಾ, ಕೋಲಾರ: ಕೂದಲು ಉದುರುವುದಕ್ಕೆ ಯಾವ ಮಾಸ್ಕ್ ಮೇಡಂ?

ಡಾಕ್ಟರ್: ಮೇಲೆ.

ಲತಾ, ಕೋಲಾರ: ಎಲ್ಲಿ ಮೇಲೆ?

ಕಾವ್ಯಾ, ತುಮಕೂರು: ನಾನು ಕಾವ್ಯಾಳ ಗಂಡ. ಆಸ್ಪತ್ರೆಯಲ್ಲಿದ್ದೇವೆ. ಕ್ರಿಯಾಟಿನಿನ್ 2.4 ಬಂದಿದೆ. ಅಡ್ಮಿಟ್ ಮಾಡಿ ಡ್ರಿಪ್ ಹಾಕಿದ್ದಾರೆ. ಪಾರ್ಲರ್‌ನವರು ಬಾಟಲಿ ಕೊಡಲ್ಲ ಅನ್ನುತ್ತಿದ್ದಾರೆ.

ಡಾಕ್ಟರ್: ಹೆಂಗಸರಿಗೆ ಸಾಮಾನ್ಯವಾಗಿ 1.1ರ ಒಳಗಿರಬೇಕು. ಆಸ್ಪತ್ರೆಗೆ ಹೋದದ್ದು ಒಳ್ಳೆಯದಾಯಿತು. ಬಾಟಲಿಗಾಗಿ ಈಗ ಜಗಳ ಬೇಡ, ಸೆಲ್ಫಿ ಸಾಕು. ಕಿಡ್ನಿ ಡಾಕ್ಟರಿಗೆ ‘ಗ್ಲೈಆಕ್ಸಿಲಿಕ್ ಆಸಿಡ್, ಗುರುವಾರ, ನೆತ್ತಿ ಉರಿದಿತ್ತು’ ಅಂತ ಬಾಯಿಬಿಟ್ಟು ಹೇಳಿ. ಕೇಳದಿದ್ದರೆ ಯಾರಿಗೂ ಹೊಳೆಯದ ವಿಷಯ ಇದು. ರಾತ್ರಿ ಮೂತ್ರದ ಲೆಕ್ಕ ನನಗೆ ಮೆಸೇಜ್ ಮಾಡಿ.

ಸುಧಾ, ಮೈಸೂರು: ಮೇಡಂ, ಬರುವ ಭಾನುವಾರ ನಾನೂ ಕೆರಾಟಿನ್‌ಗೆ ಬುಕ್ ಮಾಡಿದ್ದೇನೆ. 1,500 ಅಡ್ವಾನ್ಸ್ ಕೊಟ್ಟಾಗಿದೆ. ಏನಂತ ಕೇಳಲಿ?

ಡಾಕ್ಟರ್: ಬಾಟಲಿ ಕೈಗೆ ಕೊಡಿ ಅನ್ನಿ. ಹಿಂಬದಿ ಓದಿ. ಗ್ಲೈಆಕ್ಸಿಲಿಕ್, ಗ್ಲೈಆಕ್ಸಾಯ್ಲಾಯ್ಲ್ ಅಂತ ಕಂಡರೆ ಎದ್ದು ಬನ್ನಿ. ಬಾಟಲಿ ತೋರಿಸದಿದ್ದರೂ ಎದ್ದು ಬನ್ನಿ. 1,500 ಹೋದರೆ ಹೋಯಿತು.