ಪೆಟ್ರೋಲ್ ಬಂಕ್ ಕೆಳಗಿನ ಅಂತರ್ಜಲ: ‘ಪತ್ತೆಯಾಗಿಲ್ಲ’ ಅಂದರೆ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಬಂಕ್‌ನಲ್ಲಿ ನೆಲದಡಿಯ ಹಳೇ ಟ್ಯಾಂಕ್ ತೆಗೆಸಿದಾಗ ಅದರ ಕೆಳಗಿನ ಮಣ್ಣು ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಅಂತರ್ಜಲ ಪರೀಕ್ಷೆಗೆ ಅಂತ ಮೂರು ನಿಗಾ ಬಾವಿ ಕೊರೆಸಿದ್ದೇವೆ. ಮೊದಲ ರಿಪೋರ್ಟ್ ಬಂತು. ಪೆಟ್ರೋಲ್‌ನಲ್ಲಿರುವ ಬೆಂಜೀನ್ ಅನ್ನೋ ವಿಷ ರಾಸಾಯನಿಕಕ್ಕೆ ಪರೀಕ್ಷೆ, ಮೂರರಲ್ಲೂ ‘ಬೆಂಜೀನ್ ಪತ್ತೆಯಾಗಿಲ್ಲ’. ಇಷ್ಟಕ್ಕೆ ನಿಲ್ಲಿಸಬಹುದಾ?

ಉತ್ತರ: ದಯವಿಟ್ಟು ಈಗಲೇ ನಿಲ್ಲಿಸಬೇಡಿ. ರಿಪೋರ್ಟ್ ಸುಳ್ಳು ಅಂತಲ್ಲ. ಆ ದಿನ, ಆ ಮೂರು ಜಾಗದಲ್ಲಿ, ಆ ಆಳದಲ್ಲಿ ಸಿಗಲಿಲ್ಲ ಅಂತಷ್ಟೇ ಅದರ ಅರ್ಥ.

ಮೊದಲು ನೆಲದಡಿಯ ನೀರು ಯಾವ ಕಡೆ ಹರಿಯುತ್ತಿದೆ ಅಂತ ತಿಳಿಯಬೇಕು. ಮೂರು ಬಾವಿಗಳೂ ಒಂದೇ ಸಾಲಿನಲ್ಲಿದ್ದರೆ ಅದು ಗೊತ್ತಾಗುವುದಿಲ್ಲ, ತ್ರಿಕೋನವಾಗಿರಬೇಕು. ಬಾವಿಗಳ ಬಾಯಿಯ ಎತ್ತರವನ್ನು ಸರ್ವೆ ಮಾಡಿಸಿ, ಮೂರರ ನೀರಿನ ಮಟ್ಟವನ್ನೂ ಒಂದೇ ದಿನ ಅಳೆಯಿರಿ. ರಸ್ತೆ ಇಳಿಜಾರು ನೋಡಿ ಸುಮ್ನೆ ಊಹಿಸಬೇಡಿ. ಪಕ್ಕದಲ್ಲಿ ಒಂದು ಬೋರ್‌ವೆಲ್ ಜೋರಾಗಿ ಓಡುತ್ತಿದ್ದರೆ ನೀರು ಆ ಕಡೆಗೇ ತಿರುಗಬಹುದು. ಟ್ಯಾಂಕ್ ಇದ್ದ ಜಾಗದಿಂದ ಹರಿವು ಹೋಗುವ ಕಡೆ ಬಾವಿಯೇ ಇಲ್ಲದಿದ್ದರೆ ಮೂರು ‘ಇಲ್ಲ’ ಬಂದರೂ ಪ್ರಯೋಜನವಿಲ್ಲ.

ಎರಡನೆಯದು ಬಾವಿಯ ಸ್ಲಾಟೆಡ್ ಪೈಪ್, ಅಂದರೆ ನೀರು ಒಳಗೆ ಬರಲು ಸೀಳುಗಳಿರುವ ಪೈಪ್. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲ್ಮಟ್ಟದಲ್ಲೇ ನಿಲ್ಲುತ್ತದೆ. ಪೈಪಿನ ಸೀಳುಗಳು ನೀರಿನೊಳಗೆ ಆಳದಲ್ಲಿ ಶುರುವಾದರೆ ಮೇಲೆ ತೇಲುವುದು ಬಾವಿಗೆ ಬರುವುದೇ ಇಲ್ಲ. ಮಳೆಗಾಲದ ಮಟ್ಟದಿಂದ ಬೇಸಿಗೆಯ ಮಟ್ಟದವರೆಗೂ ಸೀಳುಗಳಿರಬೇಕು.

ಇನ್ನೊಂದು, ರಿಪೋರ್ಟ್‌ನಲ್ಲಿ ಡಿಟೆಕ್ಷನ್ ಲಿಮಿಟ್ (ಲ್ಯಾಬ್ ಪತ್ತೆ ಮಾಡಬಲ್ಲ ಅತಿ ಕಡಿಮೆ ಪ್ರಮಾಣ) ಎಷ್ಟಿದೆ ನೋಡಿ ಹೇಳುತ್ತೀರಾ?

ಪ್ರಶ್ನೆ: ಲೀಟರಿಗೆ 50 ಮೈಕ್ರೋಗ್ರಾಂ ಅಂತಿದೆ ಸರ್.

ಉತ್ತರ: ಹಾಗಾದರೆ ಆ ರಿಪೋರ್ಟ್ ಇಟ್ಟುಕೊಂಡು ಧೈರ್ಯ ಹೇಳಲು ಆಗುವುದಿಲ್ಲ. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಮೆರಿಕದಲ್ಲಿ ಇನ್ನೂ ಕಡಿಮೆ, 5. ನಿಮ್ಮ ನೀರಿನಲ್ಲಿ 40 ಇದ್ದರೂ ಈ ಲ್ಯಾಬ್ ‘ಪತ್ತೆಯಾಗಿಲ್ಲ’ ಅಂತಲೇ ಬರೆಯುತ್ತಿತ್ತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಹಾಗಾಗಿ ಇಲ್ಲಿ ರಾಜಿ ಬೇಡ. 1 ಮೈಕ್ರೋಗ್ರಾಂ ಅಥವಾ ಅದಕ್ಕೂ ಕೆಳಗೆ ಅಳೆಯುವ ಲ್ಯಾಬ್ ಹುಡುಕಿ. ಪೆಟ್ರೋಲ್‌ನಲ್ಲೇ ಇರುವ ಟೊಲ್ವೀನ್, ಈಥೈಲ್ ಬೆಂಜೀನ್, ಜೈಲೀನ್ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ. ಡೀಸೆಲ್ ಟ್ಯಾಂಕ್ ಕೂಡ ಇದ್ದರೆ ನ್ಯಾಫ್ತಲೀನ್ ಮತ್ತು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಸೇರಿಸಿ. ಪೆಟ್ರೋಲ್‌ಗೆ ಎಂಟಿಬಿಇ (ಆಕ್ಟೇನ್ ಹೆಚ್ಚಿಸುವ ರಾಸಾಯನಿಕ) ಬೆರೆಸುತ್ತಿದ್ದ ಕಾಲದ ಟ್ಯಾಂಕ್ ಆಗಿದ್ದರೆ ಅದನ್ನೂ ಬಿಡಬೇಡಿ. ಅದು ಮಣ್ಣಿಗೆ ಅಂಟಿಕೊಳ್ಳುವುದು ಕಡಿಮೆ, ನೀರಿನ ಜೊತೆಗೇ ದೂರ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಗಿ ಬಂದದ್ದು ಇದರಿಂದಲೇ.

ಪ್ರಶ್ನೆ: ಸ್ಯಾಂಪಲ್ ನಮ್ಮ ಹುಡುಗರೇ ತೆಗೆದಿದ್ದು, ಬಕೆಟ್‌ನಲ್ಲಿ ಎತ್ತಿ ಬಾಟಲಿಗೆ ಸುರಿದರು. ತಪ್ಪಾಯ್ತಾ?

ಉತ್ತರ: ಹೌದು, ಹಾಗೆ ಸುರಿದರೆ ಬೆಂಜೀನ್ ಗಾಳಿಗೆ ಹಾರಿಹೋಗುತ್ತದೆ. ಇಂಧನ ಮತ್ತು ನೀರಿನ ಪದರ ಬೇರೆಬೇರೆಯಾಗಿ ಗುರುತಿಸುವ ಅಳತೆಯ ಟೇಪಿನಿಂದ ಮೊದಲು ನೀರಿನ ಮೇಲೆ ಇಂಧನದ ಪದರ ತೇಲುತ್ತಿದೆಯೇ ನೋಡಬೇಕು. ಇದ್ದರೆ ಅದನ್ನು ತೆಗೆಯುವುದೇ ಮೊದಲ ಕೆಲಸ. ಇಲ್ಲದಿದ್ದರೆ ಪಂಪ್‌ನಿಂದ ತೀರಾ ನಿಧಾನವಾಗಿ ನೀರು ಎತ್ತುತ್ತಾ ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಒಂದೇ ಮಟ್ಟಕ್ಕೆ ಬರುವವರೆಗೆ ಕಾಯಬೇಕು. ಆಮೇಲೆ ಲ್ಯಾಬ್ ಕೊಡುವ, ಆಮ್ಲ ಹಾಕಿದ 40 ಮಿಲಿ ಗಾಜಿನ ಬಾಟಲಿಗೆ ತುಂಬುವುದು. ಮುಚ್ಚಿ ತಲೆಕೆಳಗು ಮಾಡಿದಾಗ ಒಂದು ಗುಳ್ಳೆಯೂ ಕಾಣಬಾರದು. ತಕ್ಷಣ ಐಸ್‌ಗೆ ಇಡಿ, 14 ದಿನದೊಳಗೆ ಪರೀಕ್ಷೆ ಆಗಬೇಕು. ಕಡಿಮೆ ಕೆಟ್ಟಿರುವ ಬಾವಿಯಿಂದ ಶುರು ಮಾಡಿ. ಬಂಕ್ ಅಂದಮೇಲೆ ಇನ್ನೊಂದು ಎಚ್ಚರ: ಗಾಡಿಗೆ ಪೆಟ್ರೋಲ್ ಹಾಕಿದ ಕೈಯಲ್ಲಿ ಬಾಟಲಿ ಮುಟ್ಟಬೇಡಿ.

ಮೂರು ತಿಂಗಳಿಗೊಮ್ಮೆ, ಕನಿಷ್ಠ ಒಂದು ವರ್ಷ ಹೀಗೇ ಮಾಡಿಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಇಂಧನವೂ ಕೆಳಗಿನ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಮಳೆಗೆ ನೀರು ಏರಿದಾಗ ಅದು ನೀರಿನಲ್ಲಿ ಮುಳುಗಿ ಮತ್ತೆ ಕರಗತೊಡಗುತ್ತದೆ. ಅದಕ್ಕೇ ಬೆಂಜೀನ್ ಪ್ರಮಾಣವನ್ನೂ ನೀರಿನ ಮಟ್ಟವನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ನೋಡಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಸರ್, ನಮ್ಮ ಮನೆ ಬೋರ್‌ವೆಲ್ ಒಂದು ಬಂಕ್ ಪಕ್ಕದಲ್ಲೇ ಇದೆ. ನೀರಿಗೆ ಏನೂ ವಾಸನೆ ಇಲ್ಲ. ಕುದಿಸಿ ಕುಡಿದರೆ ಸಾಕಲ್ವಾ?

ಉತ್ತರ: ವಾಸನೆಯನ್ನು ನಂಬಬೇಡಿ ಮೇಡಂ. ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿಯಾದ ಮೇಲೇ ಬೆಂಜೀನ್ ಮೂಗಿಗೆ ಗೊತ್ತಾಗುವುದು. ಕುದಿಸುವುದು ರೋಗಾಣುಗಳಿಗೆ ಸರಿ. ಬೆಂಜೀನ್ ಇದ್ದರೆ ಅದು ಆವಿಯಾಗಿ ಅಡುಗೆಮನೆಯಲ್ಲೇ ತುಂಬುತ್ತದೆ, ನೀವು ಅದನ್ನು ಉಸಿರಾಡುತ್ತೀರಿ. ಸೋರಿಕೆಯ ಅನುಮಾನ ಇದ್ದರೆ ಪರೀಕ್ಷೆ ಆಗುವವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರು ಬಳಸಿ. ಬೋರ್‌ವೆಲ್ ಕೂಡ ಜಾಸ್ತಿ ಓಡಿಸಬೇಡಿ, ಆ ಕಡೆಯ ನೀರನ್ನು ನೀವೇ ಎಳೆದುಕೊಂಡಂತಾಗುತ್ತದೆ. ಬಂಕ್‌ನವರ ಹತ್ತಿರ ನಿಗಾ ಬಾವಿಗಳ ರಿಪೋರ್ಟ್ ಇದೆಯಾ ಕೇಳಿ. ಸಿಕ್ಕಿದರೆ ಡಿಟೆಕ್ಷನ್ ಲಿಮಿಟ್ ಇರುವ ಪುಟವನ್ನೂ ಸೇರಿಸಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.