ಕಂಪೈಲ್ ಆಗುತ್ತದೆ, ರನ್ ಮಾಡಿದರೆ ಡ್ರೈವರ್ ಇಲ್ಲ ಅನ್ನುತ್ತದೆ

ಪ್ರಶ್ನೆ: ಸರ್, ಅಮೆಜಾನ್‌ನ ಡೇಟಾ ವೇರ್‌ಹೌಸ್ ರೆಡ್‌ಶಿಫ್ಟ್‌ನಿಂದ ಒಂದು ಟೇಬಲ್ ಓದುವ ಸಣ್ಣ ಜಾವಾ ಪ್ರೋಗ್ರಾಂ ಬರೆದಿದ್ದೇನೆ. ಮೇವನ್ ಗೀವನ್ ಥರದ ಬಿಲ್ಡ್ ಟೂಲ್ ಏನೂ ಇಲ್ಲ, ಬರೀ ಕಮಾಂಡ್ ಲೈನ್. ಕಂಪೈಲರ್ ಜಾವಾಸಿ ಒಂದೂ ಎರರ್ ಕೊಡಲಿಲ್ಲ. ರನ್ ಮಾಡಿದರೆ ಮಾತ್ರ ‘ನೋ ಸೂಟಬಲ್ ಡ್ರೈವರ್ ಫೌಂಡ್’. ಡ್ರೈವರ್ ಜಾರ್ (ಡೇಟಾಬೇಸ್‌ಗೆ ಜೋಡಿಸುವ ಕ್ಲಾಸ್‌ಗಳ ಫೈಲ್) ಅದೇ ಫೋಲ್ಡರ್‌ನಲ್ಲೇ ಇದೆ. ಕಂಪೈಲ್ ಆದ ಮೇಲೆ ರನ್ ಆಗಬೇಕು ಅಲ್ವಾ?

ಉತ್ತರ: ಆಗಲೇಬೇಕು ಅಂತೇನಿಲ್ಲ. ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಇವೆಲ್ಲ ಬರೀ ಇಂಟರ್‌ಫೇಸ್‌ಗಳು, ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) ಜೊತೆಗೇ ಬರುತ್ತವೆ. ಕಂಪೈಲರ್‌ಗೆ ಅಷ್ಟೇ ಸಾಕು. ವೇರ್‌ಹೌಸ್ ಜೊತೆ ನಿಜವಾಗಿ ಮಾತಾಡುವ ಕ್ಲಾಸ್‌ಗಳು ಡ್ರೈವರ್ ಜಾರ್ ಒಳಗಿವೆ, ಅವು ಬೇಕಾಗುವುದು ರನ್ ಮಾಡುವಾಗ. ಪಕ್ಕದಲ್ಲೇ ಬಿದ್ದಿದ್ದರೂ ಜಾವಾ ತಾನಾಗಿ ಹುಡುಕುವುದಿಲ್ಲ, ಕ್ಲಾಸ್‌ಪಾತ್‌ನಲ್ಲಿ, ಅಂದರೆ ಜಾವಾ ಕ್ಲಾಸ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿ, ಹೆಸರು ಹೇಳಬೇಕು.

ಜಾವಾ ಕಮಾಂಡ್‌ಗೆ ‘-ಸಿಪಿ’ ಕೊಟ್ಟು ಮೊದಲು ಒಂದು ಚುಕ್ಕಿ, ಆಮೇಲೆ ಜಾರ್ ಫೈಲಿನ ಹೆಸರು ಹಾಕಿ. ಚುಕ್ಕಿ ಅಂದರೆ ಈಗಿರುವ ಫೋಲ್ಡರ್. ಅದನ್ನು ಬಿಟ್ಟರೆ ಡ್ರೈವರ್ ಸಿಗುತ್ತದೆ, ನಿಮ್ಮ ಮೇನ್ ಕ್ಲಾಸೇ ಸಿಗುವುದಿಲ್ಲ! ಎರಡರ ನಡುವೆ ವಿಂಡೋಸ್‌ನಲ್ಲಿ ಸೆಮಿಕೋಲನ್, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕೋಲನ್. ಲಿನಕ್ಸ್‌ನಲ್ಲಿ ಸೆಮಿಕೋಲನ್ ಒತ್ತಿದರೆ ಕಮಾಂಡ್ ಅಲ್ಲಿಗೇ ಮುಗಿಯಿತು ಅಂತ ಶೆಲ್ ಅಂದುಕೊಳ್ಳುತ್ತದೆ, ಆಮೇಲೆ ಬರುವ ಎರರ್‌ಗೂ ನಿಮ್ಮ ಕೋಡಿಗೂ ಸಂಬಂಧವೇ ಇರುವುದಿಲ್ಲ.

ಇಷ್ಟಾದರೂ ಅದೇ ಎರರ್ ಬಂದರೆ ಕನೆಕ್ಷನ್ ಯುಆರ್‌ಎಲ್ ನೋಡಿ. ‘ಜೆಡಿಬಿಸಿ:ರೆಡ್‌ಶಿಫ್ಟ್:’ ಅಂತ ಶುರುವಾಗುವ ಕಡೆ ಒಂದಕ್ಷರ ತಪ್ಪಿದರೂ ಯಾವ ಡ್ರೈವರೂ ‘ಇದು ನನ್ನದು’ ಅನ್ನುವುದಿಲ್ಲ. ಪೋರ್ಟ್ ಸಾಮಾನ್ಯವಾಗಿ 5439.

ಪ್ರಶ್ನೆ: ಚುಕ್ಕಿಯದ್ದೇ ಕಥೆ, ಈಗ ಕನೆಕ್ಟ್ ಆಯಿತು. ಡ್ರೈವರ್ ಲೋಡ್ ಮಾಡುವ ಕ್ಲಾಸ್.ಫಾರ್‌ನೇಮ್ ಸಾಲು ಬೇಕಾ? ಇನ್ನೊಂದು, ಸರ್ವರ್‌ಗೆ ಕಾಪಿ ಮಾಡಿ ಓಡಿಸಿದರೆ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಅಂತ ಬೈಯುತ್ತಿದೆ. 61, 52 ಅಂತ ಏನೋ ನಂಬರ್ ಇದೆ.

ಉತ್ತರ: ಆ ಸಾಲು ತೆಗೆದುಬಿಡಿ. ಜೆಡಿಬಿಸಿ (ಜಾವಾ ಡೇಟಾಬೇಸ್ ಜೊತೆ ಮಾತಾಡುವ ವ್ಯವಸ್ಥೆ) 4.0 ಬಂದಾಗಿನಿಂದ, ಅಂದರೆ ಜಾವಾ 6ರಿಂದ, ಕ್ಲಾಸ್‌ಪಾತ್‌ನಲ್ಲಿರುವ ಡ್ರೈವರ್ ತಾನೇ ಲೋಡ್ ಆಗುತ್ತದೆ. ಹಳೇ ಟ್ಯುಟೋರಿಯಲ್‌ಗಳಿಂದ ಸುಮ್ನೆ ಕಾಪಿ ಆಗುತ್ತಾ ಬಂದಿದೆ ಅಷ್ಟೇ.

ಅವು ಕ್ಲಾಸ್ ಫೈಲಿನ ವರ್ಷನ್ ನಂಬರ್: 61 ಅಂದರೆ ಜಾವಾ 17, 52 ಅಂದರೆ ಜಾವಾ 8. ನೀವು ಹೊಸದರಲ್ಲಿ ಕಂಪೈಲ್ ಮಾಡಿದ್ದೀರಿ, ಸರ್ವರ್‌ನಲ್ಲಿ ಹಳೆಯದಿದೆ. ಜಾವಾಸಿಗೆ ‘--ರಿಲೀಸ್ 8’ ಕೊಟ್ಟು ಮತ್ತೆ ಕಂಪೈಲ್ ಮಾಡಿ. ಡ್ರೈವರ್ ಜಾರ್ ಕೂಡ ಜಾವಾ 8ಕ್ಕೆ ಆಗುವಂಥದ್ದೇ ಇರಲಿ.

ಮುಂದೆ ಪ್ರೋಗ್ರಾಮನ್ನೇ ಜಾರ್ ಮಾಡಿ ‘ಜಾವಾ -ಜಾರ್’ ಅಂತ ಓಡಿಸಿದರೆ ‘-ಸಿಪಿ’ಯನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ, ಆಗ ಡ್ರೈವರ್ ಜಾರ್‌ನ ಹೆಸರನ್ನು ಮ್ಯಾನಿಫೆಸ್ಟ್‌ನಲ್ಲೇ (ಜಾರ್ ಒಳಗಿನ ವಿವರಗಳ ಫೈಲ್) ಬರೆಯಬೇಕು. ದೊಡ್ಡ ಟೇಬಲ್ ಓದುವುದಾದರೆ ಒಂದು ಸಲಕ್ಕೆ ಎಷ್ಟು ಸಾಲು ತರಬೇಕು ಅಂತ ಸೆಟ್‌ಫೆಚ್‌ಸೈಜ್‌ನಲ್ಲಿ ಕೊಡಿ, ಇಲ್ಲದಿದ್ದರೆ ಕೆಲವು ಡ್ರೈವರ್‌ಗಳು ಅಷ್ಟೂ ಸಾಲುಗಳನ್ನು ಒಂದೇ ಸಲ ಮೆಮೊರಿಗೆ ತುಂಬಲು ಹೋಗುತ್ತವೆ.